ಜಯಚಾಮರಾಜ ಒಡೆಯರ ಎರಡು ಕಿವಿ: ಹೊಸ ರಸಿಕರಿಗೊಂದು ಕೈಪಿಡಿ

ಪಿಯಾನೊ ಕಲಿತ ಅರಸ ಕರ್ನಾಟಕ ಸಂಗೀತದ ಕೃತಿ ರಚಿಸಿದ್ದಾನೆ ಎಂದ ಕೂಡಲೇ ಹೊಸ ಕೇಳುಗ ಆ ಕೃತಿಯೊಳಗೆ ಪಿಯಾನೊ ಹುಡುಕತೊಡಗುತ್ತಾನೆ. ಜಯಚಾಮರಾಜ ಒಡೆಯರನ್ನು ಕೇಳಲು ಕೂರುವವರು ಮೊದಲು ಬಿಡಬೇಕಾದದ್ದು ಈ ಹುಡುಕಾಟವನ್ನೇ. 1919ರಲ್ಲಿ ಹುಟ್ಟಿದ ಅವರು ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪಡೆದವರು. 1940ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ತಂದೆಯೂ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರೂ ತೀರಿಕೊಂಡರು. ಇಪ್ಪತ್ತೊಂದನೆಯ ವಯಸ್ಸಿಗೇ ಮೈಸೂರಿನ ಪಟ್ಟ ಬಂತು. ರಾಜ್ಯದ ಹೊರೆ ಹೊತ್ತವನಿಗೆ ಕಛೇರಿಯ ಪಿಯಾನೊ ವಾದಕನ ಬದುಕು ಸಾಧ್ಯವಿರಲಿಲ್ಲ. ಆ ಬಳಿಕ ಅವರು ಮೈಸೂರು ವಾಸುದೇವಾಚಾರ್ಯರಲ್ಲಿ ಕರ್ನಾಟಕ ಸಂಗೀತದ ಮರ್ಮ ಕಲಿತರು, ವೆಂಕಟಗಿರಿಯಪ್ಪನವರಲ್ಲಿ ವೀಣೆ ಅಭ್ಯಾಸ ಮಾಡಿದರು, ಶಿಲ್ಪಿ ಸಿದ್ಧಲಿಂಗಸ್ವಾಮಿಯವರಿಂದ ದೇವಿಯ ಉಪಾಸನೆಯಾದ ಶ್ರೀವಿದ್ಯೆಯ ದೀಕ್ಷೆ ಪಡೆದು ‘ಶ್ರೀವಿದ್ಯಾ’ ಎಂಬ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದರು. ಒಂದೊಂದಕ್ಕೂ ಬೇರೆ ಬೇರೆ ರಾಗ. ಈ ಎರಡು ಸಂಗೀತಗಳನ್ನು ಅವರು ಬೆರೆಸಲಿಲ್ಲ. ಬೆರೆಸದೆ ಉಳಿಸಿದ್ದೇ ಅವರ ರಸಿಕತೆಯ ದೊಡ್ಡ ಗುಣ, ಅವರನ್ನು ಕೇಳುವ ದಾರಿಯೂ ಅಲ್ಲಿಂದಲೇ ಶುರುವಾಗುತ್ತದೆ ಎಂಬುದು ನನ್ನ ವಾದ.

ಇದನ್ನು ಕೈಯಾರೆ ಪರೀಕ್ಷಿಸಿ ನೋಡಬಹುದು. ಅದಕ್ಕೆ ಪಿಯಾನೊ ಬೇಕಿಲ್ಲ, ಹಾರ್ಮೋನಿಯಂ ಸಾಕು. ನಟ ಬಳ್ಳಾರಿ ರಾಘವರ ಊರಿನವರಿಗೆ, ನಾಟಕದ ಪದ ಕೇಳಿ ಬೆಳೆದ ಸಿರುಗುಪ್ಪ, ಕುರುಗೋಡಿನವರಿಗೆ ಅದರ ಪರಿಚಯ ಹೇಳಿಕೊಡಬೇಕಾಗಿಯೂ ಇಲ್ಲ. ಬಿಳಿ ಒಂದನ್ನು ಷಡ್ಜವೆಂದು ಹಿಡಿಯಿರಿ. ಬಿಳಿ ಎರಡು ಬಿಟ್ಟು ಬಿಳಿ ಮೂರು ಗಾಂಧಾರ, ನಾಲ್ಕು ಬಿಟ್ಟು ಬಿಳಿ ಐದು ಪಂಚಮ, ಪಕ್ಕದ ಬಿಳಿ ಆರು ಧೈವತ, ಆಮೇಲೆ ಕರಿ ಐದು ನಿಷಾದ. ರಿಷಭವೂ ಮಧ್ಯಮವೂ ಇಲ್ಲದ ಈ ಐದು ಸ್ವರಗಳ ರಾಗ ವಲಜಿ, ಹಿಂದೂಸ್ತಾನಿಯವರ ಕಲಾವತಿ. ಒಡೆಯರ ‘ಜಾಲಂಧರ ಸುಪೀಠಸ್ಥೇ’ ಇರುವುದು ಈ ರಾಗದಲ್ಲಿ. ಐದೂ ಸ್ವರ ಒತ್ತಿದ್ದಾಯಿತು, ರಾಗದ ಅಸ್ಥಿಪಂಜರ ಸಿಕ್ಕಿತು. ಈಗ ಅದೇ ಕೃತಿಯನ್ನು ಒಳ್ಳೆಯ ಗಾಯಕರ ಕಂಠದಲ್ಲೋ ವೀಣೆಯಲ್ಲೋ ಕೇಳಿ. ಧೈವತದಿಂದ ನಿಷಾದಕ್ಕೆ ಹೋಗುವಾಗ ಸ್ವರ ಒಂದು ಮನೆಯಿಂದ ಇನ್ನೊಂದಕ್ಕೆ ಜಿಗಿಯುವುದಿಲ್ಲ. ನಡುವಿನ ದಾರಿಯನ್ನೂ ಸವರಿಕೊಂಡು ಹೋಗುತ್ತದೆ, ಹೋಗಿ ಅಲ್ಲಿ ತುಸು ತೂಗುತ್ತದೆ. ವೀಣೆಯಲ್ಲಿ ಒಂದೇ ಮೆಟ್ಟಿಲ ಮೇಲೆ ತಂತಿಯನ್ನು ಪಕ್ಕಕ್ಕೆ ಎಳೆದರೆ ಮುಂದಿನ ಸ್ವರ ಹುಟ್ಟುವುದು ಹೀಗೆಯೇ. ಪಿಯಾನೊದಲ್ಲಿ ಎಷ್ಟು ಬಲ್ಲವನೂ ಆ ನಡುವಿನ ಜಾಗಕ್ಕೆ ಬೆರಳಿಡಲಾರ. ಮನೆಗಳ ನಡುವೆ ಏನಿಲ್ಲವೆಂದು ಬಾಲ್ಯದಿಂದ ಬೆರಳಿನಲ್ಲೇ ತಿಳಿದವನಿಗೆ, ವೀಣೆ ಕೈಗೆ ಬಂದಾಗ ಆ ಜಾಗದ ಬೆಲೆ ಇನ್ನೂ ಚೆನ್ನಾಗಿ ತಿಳಿದಿರಬೇಕು. ಆದ್ದರಿಂದ ಒಡೆಯರ ಕೃತಿಯನ್ನು ಕೇಳುವಾಗ ಕಿವಿ ನೆಡಬೇಕಾದದ್ದು ಪಿಯಾನೊಗೆ ಸಿಗದ ಈ ಜಾಗದಲ್ಲಿ.

ಬೆರೆಸಲು ದಾರಿ ಇರಲಿಲ್ಲವೇ ಎಂದರೆ, ಧಾರಾಳವಾಗಿ ಇತ್ತು. ಮುತ್ತುಸ್ವಾಮಿ ದೀಕ್ಷಿತರು ಬ್ಯಾಂಡಿನವರ ಪಾಶ್ಚಾತ್ಯ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಕೂಡಿಸಿ ನೋಟ್ಟುಸ್ವರಗಳನ್ನು ಮಾಡಿ ಒಂದು ಶತಮಾನಕ್ಕೂ ಹೆಚ್ಚು ಕಾಲವಾಗಿತ್ತು. ಅವು ಮಕ್ಕಳ ಬಾಯಲ್ಲಿ ಚೆಂದ, ದೀಕ್ಷಿತರ ಹಿರಿಮೆಗೂ ಕುಂದಿಲ್ಲ. ಮೈಸೂರು ಅರಮನೆಯಲ್ಲೂ ಪಾಶ್ಚಾತ್ಯ ವಾದ್ಯವೃಂದವಿತ್ತು. ದೀಕ್ಷಿತರಿಗಿಂತ ಎಷ್ಟೋ ಪಾಲು ಹೆಚ್ಚು ಪಾಶ್ಚಾತ್ಯ ಸಂಗೀತ ಬಲ್ಲ ಒಡೆಯರು ಆ ಹಾದಿ ತುಳಿಯದೆ, ದೀಕ್ಷಿತರ ಇನ್ನೊಂದು ಹಾದಿ ಹಿಡಿದರು: ಸಂಸ್ಕೃತ, ದೇವಿಯ ಉಪಾಸನೆ, ಅಪರೂಪದ ರಾಗಗಳು. ಭೋಗವಸಂತದಂಥ ಹೆಸರೇ ಕೇಳಿರದ ರಾಗ, ಎಲ್ಲರೂ ಬಲ್ಲ ಅಠಾಣ, ಉತ್ತರದಿಂದ ಬಂದ ಮಾಂಡ್ ಎಲ್ಲವೂ ಅವರಲ್ಲಿವೆ. ಹಾಗಾದರೆ ಕಲಿತ ಪಿಯಾನೊ ವ್ಯರ್ಥವಾಯಿತೇ ಎಂಬ ಪ್ರಶ್ನೆ ಏಳುತ್ತದೆ. ನನಗೆ ಹಾಗನ್ನಿಸುವುದಿಲ್ಲ. ಆ ಕಲಿಕೆ ಕೃತಿಗಳ ಒಳಗೆ ಹೋಗಲಿಲ್ಲ, ಲಂಡನ್ನಿನಲ್ಲಿ ಬಡತನದಲ್ಲಿದ್ದ ಒಬ್ಬ ಮುದುಕನ ಮನೆಗೆ ಹೋಯಿತು.

ನಿಕೊಲಾಯ್ ಮೆಟ್ನರ್ ಮಾಸ್ಕೋದಲ್ಲಿ 1880ರಲ್ಲಿ ಹುಟ್ಟಿದವರು, ನಮ್ಮ ರಾಘವರ ವಾರಿಗೆಯವರು. ಪಿಯಾನೊ ವಾದಕ, ಸಂಗೀತ ರಚನಕಾರ, ರಷ್ಯದ ಮತ್ತೊಬ್ಬ ಸಂಗೀತಗಾರ ರಖ್ಮಾನಿನೋಫ್‌ರ ಗೆಳೆಯ. ರಖ್ಮಾನಿನೋಫ್ ತಮ್ಮ ನಾಲ್ಕನೆಯ ಪಿಯಾನೊ ಕನ್ಸರ್ಟೊವನ್ನು (ವಾದ್ಯವೃಂದದ ಜೊತೆ ಪಿಯಾನೊ ನುಡಿಸುವ ರಚನೆ) ಅವರಿಗೇ ಅರ್ಪಿಸಿದ್ದರು. ಎರಡನೆಯ ಮಹಾಯುದ್ಧ ಬಂದು ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣ ನಿಂತಿತ್ತು, ಹೃದಯ ಸೋತಿತ್ತು, ಅವರ ಸಂಗೀತ ಹಳೆಯ ಕಾಲದ್ದೆಂದು ಜನ ದೂರ ಸರಿದಿದ್ದರು. ಆಗ ಮೈಸೂರಿನ ಮಹಾರಾಜರು ಹಣ ಕೊಟ್ಟು ಮೆಟ್ನರ್ ಸೊಸೈಟಿ ಮಾಡಿಸಿದರು. ಅದರಿಂದಲೇ ಮೆಟ್ನರ್ ತಾವೇ ನುಡಿಸಿದ ಮೂರೂ ಕನ್ಸರ್ಟೊಗಳೂ ಇತರ ರಚನೆಗಳೂ ಹಿಸ್ ಮಾಸ್ಟರ್ಸ್ ವಾಯ್ಸ್ ತಟ್ಟೆಗಳಾಗಿ ಉಳಿದವು. ಮೂರನೆಯ ಕನ್ಸರ್ಟೊ ಒಡೆಯರಿಗೆ ಅರ್ಪಿತವಾಗಿದೆ. 1951ರಲ್ಲಿ ಮೆಟ್ನರ್ ತೀರಿಕೊಂಡರು. ಆ ತಟ್ಟೆಗಳು ಆಗಲೇ ಆಗದಿದ್ದರೆ ಆ ಕೈಯ ನುಡಿಸಾಣಿಕೆಯ ಹೆಚ್ಚಿನ ಪಾಲು ಅವರೊಡನೆಯೇ ಹೋಗಿಬಿಡುತ್ತಿತ್ತು. 1950ರಲ್ಲಿ ಜರ್ಮನ್ ರಚನಕಾರ ರಿಚರ್ಡ್ ಸ್ಟ್ರಾಸ್‌ರ ಕೊನೆಯ ನಾಲ್ಕು ಹಾಡುಗಳು ಲಂಡನ್ನಿನಲ್ಲಿ ಮೊದಲ ಬಾರಿ ಕೇಳಿಬಂದದ್ದಕ್ಕೂ ಮೈಸೂರಿನ ನೆರವಿತ್ತು.

ಮೆಟ್ನರ್‌ರನ್ನು ಕೇಳುವಾಗ ಕಿವಿಯನ್ನು ತಿರುಗಿಸಿಡಬೇಕು. ವಲಜಿಯಲ್ಲಿ ಹುಡುಕಿದ ಜಾರು ಇಲ್ಲಿ ಸಿಗದು. ಪಿಯಾನೊದ ತಂತಿಗೆ ಪೆಟ್ಟು ಬಿದ್ದ ಕ್ಷಣದಿಂದಲೇ ನಾದ ಸೊರಗತೊಡಗುತ್ತದೆ. ಒಂದೇ ಸ್ವರವನ್ನು ಹಿಡಿದು ಬೆಳೆಸಲು ಬಾರದ ವಾದ್ಯ ಅದು. ಅದಕ್ಕೇ ರಚನಕಾರ ಅದರ ಕೆಳಗೆ ಇನ್ನೆರಡು ಮೂರು ಸ್ವರಗಳನ್ನು ಒಟ್ಟಿಗೆ ನಿಲ್ಲಿಸುತ್ತಾನೆ. ನಮ್ಮವರು ಬಲಗೈಯ ಮಟ್ಟನ್ನಷ್ಟೇ ಹಿಡಿದು ‘ಇದರಲ್ಲಿ ಭಾವವೇ ಇಲ್ಲ’ ಎಂದು ಎದ್ದುಬಿಡುತ್ತಾರೆ. ಎಡಗೈಯನ್ನು ಹಿಂಬಾಲಿಸಿ. ಬಲಗೈ ಅದೇ ಸ್ವರವನ್ನು ಮತ್ತೆ ನುಡಿಸಿದಾಗ ಎಡಗೈ ಅದರಡಿಯ ನೆಲವನ್ನೇ ಬದಲಿಸಿರುತ್ತದೆ, ಹಾಗಾಗಿ ಅದೇ ಸ್ವರ ಬೇರೆಯಾಗಿ ಕೇಳುತ್ತದೆ. ನಮ್ಮಲ್ಲಿ ತಂಬೂರಿ ಷಡ್ಜವನ್ನು ಕಛೇರಿ ಮುಗಿಯುವವರೆಗೂ ಕದಲಲು ಬಿಡುವುದಿಲ್ಲ. ಗ್ರಹಭೇದ ಮಾಡಿ ಬೇರೊಂದು ಸ್ವರವನ್ನು ಷಡ್ಜವಾಗಿಸಿದರೂ ಅದು ಒಂದು ಗಳಿಗೆಗೆ. ಮೆಟ್ನರ್‌ರಲ್ಲಿ ಆಧಾರವೇ ಊರೂರು ಅಲೆದು ಕೊನೆಗೆ ಮನೆ ಸೇರುತ್ತದೆ. ಆ ಮನೆ ಸೇರುವ ಸುಖ ತಂಬೂರಿಯ ಸಂಗೀತಕ್ಕೆ ಬೇಕಾಗಿಯೇ ಇಲ್ಲ, ಏಕೆಂದರೆ ಅದು ಮನೆ ಬಿಟ್ಟೇ ಇರುವುದಿಲ್ಲ. ಮೊದಲಿಗೆ ಕನ್ಸರ್ಟೊ ಬೇಡ. ಅವರು ‘ಸ್ಕಾಜ್ಕಿ’, ಅಂದರೆ ಕಥೆಗಳು, ಎಂದು ಕರೆದ ಪುಟ್ಟ ಪಿಯಾನೊ ರಚನೆಗಳಲ್ಲಿ ಒಂದನ್ನು ನಾಲ್ಕು ದಿನ ಕೇಳಿ. ಆಮೇಲೆ ಮೂರನೆಯ ಕನ್ಸರ್ಟೊ. ಮೂರು ಭಾಗಗಳ ನಡುವೆ ಬಿಡುವಿಲ್ಲ. ಮೊದಲ ಭಾಗದ ಹಿಂದೆ ರಷ್ಯನ್ ಕವಿ ಲೆರ್ಮಂತೊವ್ ಬರೆದ ಜಲಕನ್ಯೆಯ ಪದ್ಯವಿದೆ. ಅಲ್ಲಿ ಬಂದ ಮಟ್ಟು ಕೊನೆಯಲ್ಲಿ ವೇಷ ಬದಲಿಸಿ ಬಂದಾಗ ಗುರುತು ಹತ್ತಿದರೆ ಸಾಕು.

ಅರಸರ ಹೆಸರಿನಲ್ಲಿ ಆಸ್ಥಾನ ವಿದ್ವಾಂಸರೇ ಬರೆದಿರಬಹುದು ಎಂಬ ಅನುಮಾನ ಎಲ್ಲ ರಾಜಕವಿಗಳ ಬೆನ್ನಿಗೂ ಇದೆ. ಗುರುಗಳು ತಿದ್ದಿರುವುದು ಸಹಜ. ಆದರೆ ವಾಸುದೇವಾಚಾರ್ಯರ ರಚನೆಗಳನ್ನೂ ಒಡೆಯರ ರಚನೆಗಳನ್ನೂ ಒಟ್ಟಿಗೆ ಕೇಳಿದವರಿಗೆ ಮನಸ್ಸು ಒಂದೇ ಎನ್ನಿಸದು. ಆಚಾರ್ಯರದು ರಾಮಭಕ್ತಿಯ ಸರಳ, ತಿಳಿಯಾದ ಹರಿವು. ಇಲ್ಲಿರುವುದು ಮಂತ್ರಶಾಸ್ತ್ರ ಬಲ್ಲ ಉಪಾಸಕನ ಬಿಗಿಯಾದ ಪದಕಟ್ಟು. ಇನ್ನೊಂದು ದೂರು, ಸಂಸ್ಕೃತ ಅರ್ಥವಾಗದು ಎಂಬುದು. ಇದನ್ನು ತಳ್ಳಿಹಾಕುವಂತಿಲ್ಲ, ಅಪರೂಪದ ಸಮಾಸಗಳು ಪಂಡಿತರನ್ನೂ ನಿಲ್ಲಿಸುತ್ತವೆ. ಸಾಹಿತ್ಯವನ್ನು ಬರೆದಿಟ್ಟುಕೊಂಡು ಒಮ್ಮೆ ಅರ್ಥ ಕೇಳಿ ತಿಳಿದುಕೊಳ್ಳಬೇಕು, ಬೇರೆ ಉಪಾಯವಿಲ್ಲ. ಇದು ಮೈಸೂರಿನವರ ಸಂಗೀತ, ಬಳ್ಳಾರಿಗೇನು ಎನ್ನುವವರೂ ಇದ್ದಾರೆ. ಮದರಾಸಿನ ಆಡಳಿತದಲ್ಲಿದ್ದ ಬಳ್ಳಾರಿ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದಾಗ ರಾಜಪ್ರಮುಖರಾಗಿ, ಅಂದರೆ ರಾಜ್ಯಪಾಲರ ಸ್ಥಾನದಲ್ಲಿ, ಇದ್ದವರು ಇದೇ ವಾಗ್ಗೇಯಕಾರರು. ಅದಿರಲಿ, ಕಲಾವತಿಯನ್ನೂ ವಲಜಿಯನ್ನೂ ಎರಡೂ ಹೆಸರಿನಿಂದ ಕರೆಯಬಲ್ಲ ಗಡಿಸೀಮೆಯ ಕಿವಿಗೆ ಈ ಕೃತಿಗಳು ಬೇರೆಯವರಿಗಿಂತ ಬೇಗ ಒಲಿಯಬೇಕು.

ಬಳ್ಳಾರಿಯ ಸತ್ಯನಾರಾಯಣಪೇಟೆಯ ಮನೆಯೊಂದರಲ್ಲಿ ಇಂದೇ ಶುರುಮಾಡುವುದಾದರೆ ಅಠಾಣದ ‘ಶ್ರೀ ಮಹಾಗಣಪತಿಂ’ ಮೊದಲಿರಲಿ. ಮೇಲಿನ ಷಡ್ಜದ ಸುತ್ತಲೇ ಸುಳಿಯುವ ಚುರುಕು ರಾಗ, ಹೊಸಬರನ್ನು ಕಾಯಿಸುವುದಿಲ್ಲ. ಮರುದಿನ ವಲಜಿ, ಹಾರ್ಮೋನಿಯಂ ಮುಂದಿಟ್ಟುಕೊಂಡು. ವಾರ ಬಿಟ್ಟು ಮೆಟ್ನರ್. ಕೊನೆಗೆ ಮಾಂಡ್ ರಾಗದ ‘ಬ್ರಹ್ಮಾಂಡ ವಲಯೇ’ಯನ್ನು ಕೇಳಿ, ಆದರೆ ಈ ಸಲ ಹಾರ್ಮೋನಿಯಂ ಮುಚ್ಚಿಡಿ.