ಕಪ್ಪು ಉಪ್ಪಿನ ಗಮ್ಮತ್ತು

ಕಪ್ಪು ಉಪ್ಪು ಹೆಸರಿಗಷ್ಟೇ ಕಪ್ಪು. ಗಟ್ಟಿಯನ್ನು ಬೆಳಕಿಗೆ ಹಿಡಿದರೆ ಅಂಚಿನಲ್ಲಿ ನೇರಳೆ ಛಾಯೆ, ಕುಟ್ಟಿದರೆ ಪುಡಿ ನಸುಗೆಂಪು, ಮೂಸಿದರೆ ಬೇಯಿಸಿದ ಮೊಟ್ಟೆ! ಮೊಟ್ಟೆಯನ್ನು ಹೊಸ್ತಿಲೊಳಗೆ ಬಿಡದ ಮನೆಗಳಲ್ಲೂ ಇದು ಡಬ್ಬಿಯಲ್ಲಿ ಹಾಯಾಗಿ ಕೂತಿರುತ್ತದೆ.

ಇದು ಬೆಂಕಿಯ ಕಸುಬು. ಸೈಂಧವ ಲವಣವನ್ನು ಅಳಲೆಕಾಯಿಯಂಥ ಒಗರು ಸಾಮಗ್ರಿ ಮತ್ತು ಇದ್ದಿಲಿನೊಂದಿಗೆ ಮಡಕೆಗೆ ತುಂಬಿ, ಬಾಯಿ ಮುಚ್ಚಿ, ಭಟ್ಟಿಯಲ್ಲಿ ಗಂಟೆಗಟ್ಟಲೆ ಕಾಯಿಸುತ್ತಾರೆ. ಉಪ್ಪು ಕರಗಬೇಕಾದರೆ ಸುಮಾರು 800 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಆ ಉರಿಯಲ್ಲಿ ಸಲ್ಫೇಟ್ ಅಂಶ ಸಲ್ಫೈಡ್ ಆಗುತ್ತದೆ. ಕಬ್ಬಿಣದ ಸಲ್ಫೈಡಿನಿಂದ ಬಣ್ಣ, ಹೈಡ್ರೋಜನ್ ಸಲ್ಫೈಡಿನಿಂದ ವಾಸನೆ. ಹುಳಿ ಸೋಕಿದರೆ ವಾಸನೆ ಇನ್ನಷ್ಟು ಏಳುತ್ತದೆ. ಮಸಾಲೆ ಸೋಡಾದವನು ನಿಂಬೆ ಹಿಂಡಿದೊಡನೆ ಗುಂ ಎನ್ನುವುದು ಅದಕ್ಕೇ.

ಆಯುರ್ವೇದ ಇದನ್ನು ಸೌವರ್ಚಲ ಲವಣವೆಂದು ಎಣಿಸಿ, ಭಾಸ್ಕರ ಲವಣ ಚೂರ್ಣದಲ್ಲಿ ಬಳಸುತ್ತದೆ. ಅಜೀರ್ಣ, ಹೊಟ್ಟೆಯುಬ್ಬರಕ್ಕೆ ಈ ಚೂರ್ಣವನ್ನು ಮಜ್ಜಿಗೆಯಲ್ಲಿ ಕದಡಿ ಕುಡಿಯುವುದು ಹಳೆಯ ರೂಢಿ. ಆದರೆ ಪೊಟ್ಟಣದ ಮೇಲಿನ ‘ಖನಿಜಗಳ ಗಣಿ’ ಎಂಬ ಬಡಾಯಿ ನನಗೆ ಹಿಡಿಸದು. ಇದರಲ್ಲಿ ಬಹುಪಾಲು ಸೋಡಿಯಂ ಕ್ಲೋರೈಡೇ. ರಕ್ತದೊತ್ತಡ ಇರುವವರಿಗೆ ರಿಯಾಯಿತಿಯಿಲ್ಲ. ಅಯೋಡಿನ್ ಬೆರೆಸಿದ ಉಪ್ಪಿಗೆ ಇದು ಬದಲಿಯೂ ಅಲ್ಲ.

ರುಚಿಯ ಮಾತೇ ಬೇರೆ. ಸೀಬೆಹಣ್ಣಿನ ಹೋಳುಗಳ ಮೇಲೆ, ಜೀರಿಗೆ ಹುರಿದು ಹಾಕಿದ ಮಜ್ಜಿಗೆಯಲ್ಲಿ ಇದಕ್ಕೆ ಸಾಟಿಯಿಲ್ಲ. ಒಂದೇ ಚಿಟಿಕೆ ಸಾಕು. ಕೈ ಜಾರಿ ಹೆಚ್ಚಾಯಿತೋ, ಮಜ್ಜಿಗೆ ಕುಡಿಯಲು ಮೂಗು ಮುಚ್ಚಿಕೊಳ್ಳಬೇಕು.