ಹಾಡಿನ ‘ನಾನು’ ಮತ್ತು ನ್ಯಾಯಸ್ಥಾನ

ಕಾವ್ಯದಲ್ಲಿ ‘ನಾನು’ ಎಂದು ನುಡಿಯುವವನು ಯಾರು? ನಮ್ಮ ಆಲಂಕಾರಿಕರು ಈ ಪ್ರಶ್ನೆಯನ್ನು ಬಹು ಹಿಂದೆಯೇ ಎತ್ತಿ, ಕವಿಯ ಪ್ರೌಢೋಕ್ತಿ ಬೇರೆ, ಕವಿಯು ಕಲ್ಪಿಸಿದ ಪಾತ್ರದ ಪ್ರೌಢೋಕ್ತಿ ಬೇರೆ ಎಂದು ವಿಂಗಡಿಸಿದರು. ವಿದ್ವದ್ಗೋಷ್ಠಿಗೆ ಮೀಸಲೆಂದು ನಾವು ತಿಳಿದಿದ್ದ ಈ ಚರ್ಚೆಯು ಇಂದು ಇಂಗ್ಲೆಂಡಿನ ನ್ಯಾಯಸ್ಥಾನಗಳನ್ನು ಹೊಕ್ಕಿದೆ. ಅದಕ್ಕೆ ನಿಮಿತ್ತವಾದುದು ‘ಡ್ರಿಲ್’ ಎಂಬ ಹಾಡಿನ ಜಾತಿ.

ಡ್ರಿಲ್ ಹುಟ್ಟಿದುದು ಅಮೆರಿಕದ ಷಿಕಾಗೋ ನಗರದ ದಕ್ಷಿಣ ಭಾಗದಲ್ಲಿ, 2010ರ ಆಸುಪಾಸಿನಲ್ಲಿ. ಕೆಲವೇ ವರ್ಷಗಳಲ್ಲಿ ಅದು ಲಂಡನ್ನಿನ ಬ್ರಿಕ್ಸ್ಟನ್ ಕೇರಿಗಳಲ್ಲಿ ಬೇರುಬಿಟ್ಟಿತು. ನಿಮಿಷಕ್ಕೆ ಸುಮಾರು 140 ಪೆಟ್ಟುಗಳ ಲಯ, ಜಾರುತ್ತ ಇಳಿಯುವ ಮಂದ್ರಸ್ವರ, ಅದರ ಮೇಲೆ ಮಾತಿಗೂ ಹಾಡಿಗೂ ನಡುವಣ ಧಾಟಿಯಲ್ಲಿ ಸುರಿಯುವ ಪ್ರಾಸಬದ್ಧ ನುಡಿ. ವಸ್ತುವೆಂದರೆ ಕೇರಿಯ ಹಗೆ, ಚೂರಿ, ಮಾದಕವಸ್ತುಗಳ ವ್ಯಾಪಾರ, ಸೆರೆಮನೆ, ಹಣ. ಕಿವಿಗೆ ಇಂಪೆಂದು ನಾನು ಹೇಳಲಾರೆ. ಆದರೆ ಇದರಲ್ಲಿ ಲಯದ ಹಿಡಿತವಿಲ್ಲವೆನ್ನುವವರು ಕೇಳದೆಯೇ ತೀರ್ಪು ಕೊಟ್ಟವರೆಂದು ಮಾತ್ರ ಹೇಳಬಲ್ಲೆ.

ಪಶ್ಚಿಮ ಲಂಡನ್ನಿನ ಲ್ಯಾಡ್‌ಬ್ರೋಕ್ ಗ್ರೋವ್ ಪ್ರದೇಶದ ‘ಡಿಗ್ಗ ಡಿ’ ಎಂಬ ತರುಣನು ಈ ಜಾತಿಯ ಪ್ರಸಿದ್ಧ ಗಾಯಕರಲ್ಲೊಬ್ಬನು. ಆತನ ಕೂಟದ ಹೆಸರು ‘1011’. ಎರಡು ಅಂಚೆ ವಲಯಗಳ ಸಂಖ್ಯೆಗಳನ್ನು ಜೋಡಿಸಿ ಕಟ್ಟಿದುದು. 2017ರ ನವೆಂಬರಿನಲ್ಲಿ ಈ ಕೂಟದ ಐವರು ಮಚ್ಚು ದೊಣ್ಣೆಗಳೊಡನೆ ಪೋಲೀಸರ ಕೈಗೆ ಸಿಕ್ಕಿದರು. ಹಾಡಿನ ಚಿತ್ರೀಕರಣಕ್ಕೆಂದು ತಂದವೆಂಬ ಅವರ ಸಮಾಧಾನವನ್ನು ನ್ಯಾಯಸ್ಥಾನವು ಒಪ್ಪಲಿಲ್ಲ. 2018ರಲ್ಲಿ ಶಿಕ್ಷೆಯೊಡನೆ ಒಂದು ನಿರ್ಬಂಧಾಜ್ಞೆಯೂ ಬಂದಿತು: ಹಾಡು ಪ್ರಕಟವಾದ 24 ಗಂಟೆಗಳೊಳಗೆ ಪೋಲೀಸರಿಗೆ ತಿಳಿಸತಕ್ಕದ್ದು, ಕಚೇರಿಗೆ 48 ಗಂಟೆ ಮುಂಚೆ ಸೂಚನೆ ಕೊಡತಕ್ಕದ್ದು, ಹಾಡಿನಲ್ಲಿ ಸಾವು ಗಾಯಗಳ ಮಾತಾಗಲಿ ಕೆಲವು ಕೇರಿಗಳ ಹೆಸರಾಗಲಿ ಬರಕೂಡದು.

ಮಚ್ಚು ಹಿಡಿದುದಕ್ಕೆ ಶಿಕ್ಷೆಯಾದುದು ಸರಿಯೆ. ಅದರಲ್ಲಿ ವಿಮರ್ಶಕನಿಗೆ ಕೆಲಸವಿಲ್ಲ. ಬ್ರಿಕ್ಸ್ಟನ್ನಿನ ಸ್ಕೆಂಗ್ಡೋ ಮತ್ತು ಎ. ಎಂ. ಎಂಬ ಜೋಡಿಯ ಸಂಗತಿ ಬೇರೆ. 2018ರ ಡಿಸೆಂಬರಿನಲ್ಲಿ ಇವರು ಸಭೆಯೊಂದರಲ್ಲಿ ತಮ್ಮ ಹಾಡೊಂದನ್ನು ಹಾಡಿದರು. ಅದು ತಮ್ಮ ಮೇಲಿದ್ದ ತಡೆಯಾಜ್ಞೆಯ ಉಲ್ಲಂಘನೆಯೆಂದು 2019ರ ಜನವರಿಯಲ್ಲಿ ಒಂಬತ್ತು ತಿಂಗಳ ಸೆರೆ ವಿಧಿಸಲ್ಪಟ್ಟು, ಎರಡು ವರ್ಷಗಳ ಕಾಲ ಅಮಾನತಿನಲ್ಲಿಡಲ್ಪಟ್ಟಿತು. ಇಲ್ಲಿ ಹಾಡಿದ್ದೇ ಕೃತ್ಯ.

ರನ್ನನ ಭೀಮನು ದುಶ್ಶಾಸನನ ರಕ್ತಪಾನದ ಮಾತನ್ನಾಡಿದರೆ ನಾವು ರನ್ನನನ್ನು ಕಟಕಟೆಗೆ ಕರೆಯುವುದಿಲ್ಲ, ರೌದ್ರರಸವೆಂದು ತಲೆದೂಗುತ್ತೇವೆ. ಹಾಗಾದರೆ ಡ್ರಿಲ್ ಗಾಯಕನ ಅತಿಶಯೋಕ್ತಿಗೇಕೆ ಬೇರೆ ತಕ್ಕಡಿ? ಅವನ ‘ನಾನು’ ಕೂಡ ಬಹುಮಟ್ಟಿಗೆ ವೇಷವೇ. ಮುಖಕ್ಕೆ ಮುಸುಕು, ಹೆಸರಿಗೆ ಅಂಕಿತ, ಕೇರಿಯವರೆಲ್ಲರ ಪ್ರತಾಪವನ್ನೂ ತನ್ನದೆಂದು ಹೇಳಿಕೊಳ್ಳುವ ರೂಢಿ. ಇಷ್ಟನ್ನು ಕಾಣದೆ ಹಾಡಿನ ಸಾಲನ್ನು ತಪ್ಪೊಪ್ಪಿಗೆಯೆಂದು ಓದುವುದು ಅರಸಿಕತೆ ಮಾತ್ರವಲ್ಲ, ಅಪಾಯ. ಆದರೆ ಈ ಹೋಲಿಕೆಯನ್ನು ಬಹು ದೂರ ಎಳೆಯಲಾಗದು. ದುಶ್ಶಾಸನನು ಪಕ್ಕದ ಬೀದಿಯಲ್ಲಿ ವಾಸವಾಗಿಲ್ಲ. ಹಾಡಿನಲ್ಲಿ ಹೀಯಾಳಿಸಲ್ಪಟ್ಟ ಸತ್ತ ಹುಡುಗನ ತಾಯಿಯು ಅಲ್ಲಿಯೇ ಇದ್ದಾಳೆ, ಆ ಹಾಡು ಅವಳ ಕಿವಿಗೂ ಬೀಳುತ್ತದೆ. ರಸಾನುಭವಕ್ಕೆ ಬೇಕಾದ ದೂರವನ್ನು ಈ ಕವಿತೆ ತಾನೇ ಅಳಿಸಿಹಾಕುತ್ತದೆ. ಅದರ ಬಿಸಿಯೂ ಅಲ್ಲಿಂದಲೇ, ಅದರ ದೋಷವೂ ಅಲ್ಲಿಂದಲೇ.

ಆದಕಾರಣ ನಿರ್ದಿಷ್ಟ ವ್ಯಕ್ತಿಗೆ ಒಡ್ಡಿದ ಬೆದರಿಕೆಯನ್ನು ಕಾನೂನು ತಡೆಯುವುದಕ್ಕೆ ನನ್ನ ಆಕ್ಷೇಪವಿಲ್ಲ. ಸಾವಿನ ಮಾತನ್ನೇ ನಿಷೇಧಿಸುವ ಆಜ್ಞೆಯಾದರೋ ಜಂಬವನ್ನೂ ಪ್ರಲಾಪವನ್ನೂ ಒಂದೇ ಹಗ್ಗದಿಂದ ಕಟ್ಟುತ್ತದೆ. ಗೆಳೆಯನನ್ನು ಕಳೆದುಕೊಂಡವನು ಅಳುವುದಾದರೂ ಹೇಗೆ? ಡ್ರಿಲ್ ಹಾಡುಗಳಲ್ಲಿ ನನಗೆ ಕೊರತೆಯಾಗಿ ಕಾಣುವುದು ಶೋಕವೇ. ಆಜ್ಞೆಯು ಬಾಯಿ ಮುಚ್ಚಿಸಿರುವುದು ಅದನ್ನೂ ಸೇರಿಸಿ. ಈ ಹಾಡುಗಳಲ್ಲಿ ಅಲ್ಲಲ್ಲಿ ಶಬ್ದವನ್ನು ಅಳಿಸಿ ಬರಿಯ ಲಯವನ್ನು ಬಿಡುವ ಪದ್ಧತಿಯುಂಟು. ಕೇಳುವವನು ಆ ಬರಿದನ್ನು ತಾನೇ ತುಂಬಿಕೊಳ್ಳುತ್ತಾನೆ, ಬಹುಶಃ ಗಾಯಕನು ಹೇಳಬಹುದಾಗಿದ್ದುದಕ್ಕಿಂತ ಘೋರವಾದ ಮಾತಿನಿಂದ.

ಡಿಗ್ಗ ಡಿಯ ಏಳಿಗೆಯನ್ನು ಆಜ್ಞೆಯು ತಡೆಯಲಿಲ್ಲ. 2020ರಲ್ಲಿ ಬಿ. ಬಿ. ಸಿ. ಸಂಸ್ಥೆಯು ಆತನ ವಿಚಾರವಾಗಿ ಸಾಕ್ಷ್ಯಚಿತ್ರವನ್ನು ಪ್ರಸಾರಮಾಡಿತು. 2022ರಲ್ಲಿ ಆತನ ‘ನಾಟಿ ಬೈ ನೇಚರ್’ ಎಂಬ ಗೀತಸಂಚಯವು ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಮೊದಲನೆಯದಾಯಿತು. ಹೆಸರಿನಲ್ಲಿಯೇ ಅಮೆರಿಕದ ಹಿಂದಿನ ತಲೆಮಾರಿನ ಗಾಯಕವೃಂದವೊಂದರ ಮೇಲಣ ಶ್ಲೇಷೆಯಿದೆ. ಪ್ರತಿಭೆಗೆ ಕೇರಿಯ ಹಗೆಯೊಂದೇ ಬಂಡವಾಳವಾಗಿರಲಿಲ್ಲವೆಂಬುದಕ್ಕೆ ಇಷ್ಟು ಸಾಕು.

2024ರ ಡಿಸೆಂಬರಿನಲ್ಲಿ ಲಿಂಕನ್ ಊರಿನ ನ್ಯಾಯಸ್ಥಾನವು ಆತನಿಗೆ ಗಾಂಜಾ ವ್ಯವಹಾರದ ಅಪರಾಧಕ್ಕಾಗಿ ಮೂರು ವರ್ಷ ಹನ್ನೊಂದು ತಿಂಗಳ ಸೆರೆ ವಿಧಿಸಿತು. ಆತನನ್ನು ನಿರ್ದೋಷಿಯೆಂದು ಸಾರುತ್ತಿದ್ದ ಅಭಿಮಾನಿಗಳಿಗೆ ಇದರಿಂದ ಮುಖಭಂಗವಾಯಿತು; ಹಾಡೇ ಅಪರಾಧವೆಂದವರು ಹಿಗ್ಗಿರಬಹುದು. ಹಿಗ್ಗಲು ಕಾರಣ ಕಾಣೆ: ಈ ಶಿಕ್ಷೆ ಸಂದುದು ಸರಕಿನ ವ್ಯವಹಾರಕ್ಕೆ, ಪ್ರಾಸಕ್ಕಲ್ಲ.