ಕಾರಿಮಂಗಲಂ ಸುತ್ತಲಿನ ಊರಹೆಸರುಗಳು: ಒಂದು ವಿಮರ್ಶೆ

ಗಡಿನಾಡಿನ ಕನ್ನಡಿಗರು ಸೇರಿದಲ್ಲೆಲ್ಲ ಊರಹೆಸರುಗಳ ಪ್ರಸ್ತಾಪ ಬರುತ್ತದೆ. ಹೊಸೂರು, ಹೊಗೇನಕಲ್ಲು, ಮಾರಂಡಹಳ್ಳಿ ಎಂದು ಎಣಿಸುತ್ತ ಹೋದಂತೆ ಎದೆ ಉಬ್ಬುತ್ತದೆ. ಈ ಅಭಿಮಾನಕ್ಕೆ ವಿದ್ವತ್ತಿನ ಬೆಂಬಲ ನೀಡಿದವರು ಶಂಬಾ ಜೋಶಿಯವರು. ‘ಎಡೆಗಳು ಹೇಳುವ ಕಂನಾಡ ಕಥೆ’ಯಲ್ಲಿ ಅವರು ಸ್ಥಳನಾಮಗಳನ್ನೇ ಚರಿತ್ರೆಯ ಸಾಕ್ಷಿಗಳನ್ನಾಗಿ ಕರೆದರು. ಆದರೆ ಅವರ ದಾರಿಯಲ್ಲಿ ಹೊರಟ ಅನೇಕರು ಸಾಕ್ಷಿಯನ್ನು ವಿಚಾರಿಸದೆಯೇ ತೀರ್ಪು ಬರೆಯುವುದುಂಟು.

ನಮ್ಮೂರನ್ನೇ ನೋಡೋಣ. ‘ಕರಿ’ ಎಂದರೆ ಆನೆ, ಆದುದರಿಂದ ಇದು ಆನೆಯ ಊರು ಎಂದುಬಿಡುವುದು ಸುಲಭ. ಆದರೆ ಹೆಸರಿನಲ್ಲಿರುವುದು ಕರಿಯಲ್ಲ, ಕಾರಿ. ಸಂಗಂ ಸಾಹಿತ್ಯದ ಮಲೈಯಮಾನ್ ದೊರೆಯ ಹೆಸರು ಕಾರಿ. ನಮ್ಮಾಳ್ವಾರರ ತಂದೆಯ ಹೆಸರೂ ಅದೇ. ವ್ಯಕ್ತಿನಾಮಕ್ಕೆ ‘ಮಂಗಲ’ ಸೇರುವುದು ಅಗ್ರಹಾರಗಳಲ್ಲಿ ವಾಡಿಕೆ. ದೀರ್ಘವನ್ನು ನುಂಗಿ ಕಟ್ಟಿದ ಆನೆಯ ಕಥೆ ನಿಲ್ಲಲಾರದು.

‘ಹಳ್ಳಿ’ಯ ವಿಚಾರ ಇನ್ನೂ ಸೂಕ್ಷ್ಮ. ಹಳಗನ್ನಡದಲ್ಲಿ ಅದೂ ‘ಪಳ್ಳಿ’ಯೇ; ಪಕಾರ ಹಕಾರವಾಗತೊಡಗಿದ್ದು ಸುಮಾರು 10ನೆಯ ಶತಮಾನದಿಂದೀಚೆಗೆ. ಅದಕ್ಕೂ ಮೊದಲೇ ನೊಳಂಬರು ಧರ್ಮಪುರಿಯಲ್ಲಿ ಕನ್ನಡ ಶಾಸನ ಹಾಕಿಸಿದ್ದರು. ಆದುದರಿಂದ ನಲ್ಲಂಪಳ್ಳಿ, ಪಂಚಪಳ್ಳಿಗಳನ್ನು ಪಕಾರ ಕಂಡಕೂಡಲೇ ತಮಿಳಿಗೆ ಬಿಟ್ಟುಕೊಡಬೇಕಾಗಿಲ್ಲ. ಬೇರೆ ಆಧಾರವಿಲ್ಲದೆ ಕನ್ನಡಕ್ಕೆ ಎಳೆದುಕೊಳ್ಳುವಂತೆಯೂ ಇಲ್ಲ.

ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದೆನಿಸುವುದು ಪೆರಿಯನಹಳ್ಳಿ. ‘ಪೆರಿಯನ್’ ತಮಿಳು, ‘ಹಳ್ಳಿ’ ಕನ್ನಡ, ಎರಡನ್ನೂ ಬೆಸೆದ ಷಷ್ಠಿಯ ‘ಅ’ಕಾರವೂ ಕನ್ನಡದ್ದೇ. ತಮಿಳು ಹೆಸರಿನವನೊಬ್ಬನ ಊರನ್ನು ಕನ್ನಡದ ಬಾಯಿ ಕರೆದ ಬಗೆಯಿದು. ಅಣ್ಣಾಮಲೈಹಳ್ಳಿಯೂ ಇದೇ ಜಾತಿಯದು. ಅಭಿಮಾನದ ಪಟ್ಟಿಗಳಿಗೆ ಇಂಥ ಬೆರಕೆ ಹೆಸರುಗಳು ರುಚಿಸವು. ಆದರೆ ಎರಡು ನುಡಿಗಳವರು ಒಂದೇ ಬಾವಿಯ ನೀರು ಕುಡಿದು ಬಾಳಿದ್ದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಎಲ್ಲಿದೆ?

ಹೆಸರು ಉಳಿದ ಮಾತ್ರಕ್ಕೆ ನುಡಿ ಉಳಿಯುವುದಿಲ್ಲ. ಜರ್ಮನಿಯ ಲೈಪ್‌ಜಿಗ್ ನಗರದ ಹೆಸರು ಸ್ಲಾವ್ ನುಡಿಯ ‘ಲಿಪಾ’ ಎಂಬ ಮರದಿಂದ ಬಂದದ್ದೆನ್ನುತ್ತಾರೆ; ಇಂದು ಆ ಬೀದಿಗಳಲ್ಲಿ ಆಡುವುದು ಜರ್ಮನ್. ಇಲ್ಲಿಯೂ ತಮಿಳು ಬರಹದಲ್ಲಿ ಮಾರಂಡಹಳ್ಳಿ ‘ಮಾರಂಡಅಳ್ಳಿ’ಯಾಗಿದೆ, ಹೊಸೂರು ‘ಓಸೂರ್’ ಆಗಿದೆ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ, ಹಕಾರ ತಮಿಳಿಗೆ ಸಹಜವಲ್ಲ, ಅಷ್ಟೆ. ಆದರೆ ನಮ್ಮ ಮಕ್ಕಳು ಹೆಸರು ಕಲಿಯುವುದು ಫಲಕ ನೋಡಿ. ಹೊಲ, ಕೆರೆ, ಗುಡ್ಡಗಳನ್ನು ಅಜ್ಜಿ ಕರೆಯುವ ಹೆಸರುಗಳಿಗೆ ಫಲಕವೂ ಇಲ್ಲ. ಅವನ್ನು ಅವಳ ಉಚ್ಚಾರದಲ್ಲೇ ಬರೆದುಕೊಳ್ಳಲು ವಿದ್ವಾಂಸರು ಬರಬೇಕಾಗಿಲ್ಲ. ಕನ್ನಡ ಅಕ್ಷರ ಬಲ್ಲ ಮೊಮ್ಮಗಳೊಬ್ಬಳು ಸಾಕು.